ಹೆಪ್ಪುಗಟ್ಟದ ಎಣ್ಣೆ ಮತ್ತು ಎರಡನೆಯ ಬಂಧ

ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಹೊತ್ತಿಗೆ, ನನ್ನ ತರಗತಿಯಲ್ಲಿ ಆಲ್ಕೀನ್ ಪಾಠ ಬರುತ್ತದೆ. ಆ ವಾರ ನಾನು ಮನುಷ್ಯರ ಹಾಗಿರುವುದಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಸಕಲೇಶಪುರದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಲೇ ನನ್ನ ತಲೆಗೂದಲು ಅರ್ಧ ಬೆಳ್ಳಗಾಗಿದೆ. ಆದರೂ ಬೋರ್ಡಿನ ಮೇಲೆ ಎರಡು ಕಾರ್ಬನ್ ಬರೆದು ನಡುವೆ ಎರಡು ಗೆರೆ ಎಳೆದ ಕೂಡಲೇ ನನಗೆ ಮೊದಲ ದಿನದ ಹುರುಪು ಬಂದುಬಿಡುತ್ತದೆ.

ಉಳಿದ ವಿಷಯಗಳಲ್ಲಿ ನಾನು ಅಪ್ಪಟ ಚಿಂತೆಯ ಹೆಂಗಸು. ಹೆಗ್ಗದ್ದೆಯ ನಮ್ಮ ಮನೆಯಿಂದ ಹೊರಟು ಅರ್ಧ ದಾರಿಗೆ ಬಂದ ಮೇಲೆ ಗ್ಯಾಸ್ ಆಫ್ ಮಾಡಿದೆನಾ ಎಂದು ಫೋನ್ ಮಾಡುತ್ತೇನೆ. ಲ್ಯಾಬಿನಲ್ಲಿ ಬ್ರೋಮಿನ್ ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಿ, ಬೀಗ ಹಾಕಿ, ಮತ್ತೆ ಬೀಗ ತೆಗೆದು ಮುಚ್ಚಳ ನೋಡುತ್ತೇನೆ. ಘಾಟಿಯಲ್ಲಿ ಲಾರಿ ಮಗುಚಿದೆ ಎಂಬ ಸುದ್ದಿ ಬಂದರೆ ಅದರಲ್ಲಿ ನಮ್ಮ ಕಡೆಯವರು ಯಾರಾದರೂ ಲಿಫ್ಟ್ ಕೇಳಿ ಹತ್ತಿದ್ದರೇ ಎಂದು ಯೋಚನೆ. ಹಾಗೆ ಯಾರೂ ಯಾವತ್ತೂ ಹತ್ತಿಲ್ಲ. ಅದರಿಂದ ನನ್ನ ಚಿಂತೆಯೇನೂ ಕಡಿಮೆಯಾಗಿಲ್ಲ.

ಆಲ್ಕೀನ್ ಮಾತ್ರ ನನ್ನನ್ನು ಚಿಂತೆಯಿಂದ ಎತ್ತಿ ಆಚೆ ಹಾಕುತ್ತದೆ. ಮಕ್ಕಳಿಗೆ ಹೀಗೆ ಹೇಳುತ್ತೇನೆ. ಒಂದು ಮರದ ಪಟ್ಟಿಗೆ ಇನ್ನೊಂದನ್ನು ಒಂದೇ ಮೊಳೆಯಲ್ಲಿ ಹೊಡೆದರೆ ಅದು ಗಿರಗಿರನೆ ತಿರುಗುತ್ತದೆ. ಎರಡನೆಯ ಮೊಳೆ ಹೊಡೆದು ನೋಡಿ, ಜಪ್ಪಯ್ಯ ಅಂದರೂ ತಿರುಗದು. ಎರಡು ಕಾರ್ಬನ್ನುಗಳ ನಡುವೆಯೂ ಹಾಗೆಯೇ. ಒಂದೇ ಬಂಧವಿದ್ದರೆ ತಿರುಗಾಟ, ಎರಡಾದರೆ ನಿಂತಲ್ಲೇ ನಿಲುವು. ಆದರೆ ಆ ಎರಡನೆಯದು ನಿಜವಾಗಿ ಮೊಳೆಯಂಥದ್ದಲ್ಲ, ನನ್ನ ಹುರುಪೆಲ್ಲ ಅಲ್ಲಿಯೇ. ಸಿಗ್ಮಾ ಎನ್ನುವ ಮೊದಲ ಬಂಧ ಎರಡು ಪರಮಾಣುಗಳು ಎದುರೆದುರು ಕೂಡಿಕೊಂಡು ಆದದ್ದು, ಗಟ್ಟಿ. ಪೈ ಎನ್ನುವ ಎರಡನೆಯದು ಅಕ್ಕಪಕ್ಕದಿಂದ ತಬ್ಬಿದ್ದು. ಅದರ ಎಲೆಕ್ಟ್ರಾನುಗಳು ಅಣುವಿನ ಸಮತಲದ ಮೇಲಷ್ಟು, ಕೆಳಗಷ್ಟು ಹರಡಿಕೊಂಡಿರುತ್ತವೆ. ತಿರುಗಲು ಬಿಡದಷ್ಟು ಗಟ್ಟಿ, ಆದರೆ ಎದುರಿಗೆ ಬ್ರೋಮಿನ್ ಬಂತೋ, ಬಿಚ್ಚಿಕೊಂಡು ಕೈ ಚಾಚುವಷ್ಟು ಸಡಿಲ. ಎರಡು ಕಾರ್ಬನ್ನುಗಳೂ ಒಂದೊಂದು ಬ್ರೋಮಿನ್ ಹಿಡಿದುಕೊಳ್ಳುತ್ತವೆ, ಏನನ್ನೂ ಹೊರಗೆ ಬಿಡುವುದಿಲ್ಲ. ಬ್ರೋಮಿನ್ ನೀರಿನ ಕಿತ್ತಳೆ ಬಣ್ಣ ಕಣ್ಣೆದುರೇ ಮಾಯ. ಈ ಮಾತು ಹೇಳುವಾಗ ನಾನು ವೇದಿಕೆಯಿಂದ ಇಳಿದು ಹತ್ತಿ ಮಾಡುತ್ತೇನಂತೆ. ಹಿಂದಿನ ಬೆಂಚಿನವರು ಅದನ್ನು ಅಭಿನಯಿಸುವುದನ್ನು ಒಮ್ಮೆ ಬಾಗಿಲ ಸಂದಿಯಿಂದ ನೋಡಿದ್ದೇನೆ. ಚೆನ್ನಾಗಿಯೇ ಮಾಡುತ್ತಾರೆ.

ಕಳೆದ ಚಳಿಗಾಲ ಈ ಪಾಠ ಅರ್ಧ ಆಗಿತ್ತು. ಇಬ್ಬರು ಹುಡುಗಿಯರನ್ನು ಎದುರುಬದುರು ನಿಲ್ಲಿಸಿ, ಎರಡೂ ಕೈ ಹಿಡಿಸಿ, ಹೆಗಲಿಗೆ ಒಂದೊಂದು ಬ್ಯಾಗು ಹಾಕಿಸಿದ್ದೆ. ಬ್ಯಾಗುಗಳೆರಡೂ ಕಿಟಕಿಯ ಕಡೆಗಿದ್ದರೆ ಸಿಸ್; ಒಂದು ಕಿಟಕಿಗೆ, ಒಂದು ಬಾಗಿಲಿಗೆ ಇದ್ದರೆ ಟ್ರಾನ್ಸ್. ಅದೇ ಹುಡುಗಿಯರು, ಅದೇ ಬ್ಯಾಗು, ಆದರೆ ಹಿಡಿದ ಕೈ ಬಿಡದೆ ಒಂದು ಇನ್ನೊಂದಾಗಲಾರದು. ಇಂಥವೇ ಸಮಾಂಗಿಗಳು ಎಂದು ವಿವರಿಸಿ, ಖುಷಿಯಲ್ಲಿ ಸ್ಟಾಫ್ ರೂಮಿಗೆ ಬಂದು ಕೂತಾಗ ದೋಣಿಗಲ್‌ನಿಂದ ಫೋನು ಬಂತು.

ಫೋನು ಮಾಡಿದವರು ಅಲ್ಲಿನ ಒಂದು ಎಸ್ಟೇಟಿನ ಯಜಮಾನಿ. ಮೂಲ ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆತನ. ಊರವರಿಗೆಲ್ಲ ಅವರು ಬಾಯಮ್ಮ. ಅವರ ಕಿರಿಮಗಳು ನನ್ನ ತರಗತಿಯವಳು, ಹಿರಿಮಗಳಿಗೆ ಹದಿನೈದು ದಿನದಲ್ಲಿ ಮದುವೆ. ಅವರ ಮನೆಯಲ್ಲಿ ಒಗ್ಗರಣೆಯಿಂದ ಹಿಡಿದು ತಲೆಗೂದಲಿನವರೆಗೆ ಕೊಬ್ಬರಿ ಎಣ್ಣೆಯೇ. ಮದುವೆಗೆ ಎಲ್ಲಿಂದ ತರಿಸಲಿ ಎಂದು ಅವರು ಕೇಳಿದಾಗ, ನಾನು ಬಾಯಿ ತಡೆಯಲಾರದೆ ನನ್ನ ನಾದಿನಿಯ ಹೆಸರು ಹೇಳಿದ್ದೆ.

ನಾದಿನಿ ಆಲೂರಿನ ಮಗ್ಗೆಯಲ್ಲಿ ಆ ವರ್ಷವಷ್ಟೇ ಮರದ ಗಾಣ ಹಾಕಿದ್ದಳು. ಮೋಟಾರಿನಲ್ಲಿ ತಿರುಗುವ ಗಾಣ, ಆದರೆ ಒರಳು ಮರದ್ದೇ. ಅರಸೀಕೆರೆ ಕಡೆಯಿಂದ ಕೊಬ್ಬರಿ ತರಿಸಿ, ತಾನೇ ಮುಂದೆ ನಿಂತು ಆರಿಸಿ ಅರೆಸುವಳು. ಬಾಯಮ್ಮ ಮೊದಲಿಗೆ ರೋಸ್ ಶಾಸ್ತ್ರಕ್ಕೆ ಎಂದು ಒಂದು ಸಣ್ಣ ಕ್ಯಾನ್ ತರಿಸಿಕೊಂಡಿದ್ದರು. ರೋಸ್ ಎಂದರೆ ಅವರಲ್ಲಿ ಮದುವೆಯ ಹಿಂದಿನ ದಿನ ಮದುಮಗಳ ತಲೆಗೆ ಎಣ್ಣೆ ಹಚ್ಚಿ, ತೆಂಗಿನ ಹಾಲು ಸುರಿದು ಮೀಯಿಸುವುದು. ಅದು ಒಳ್ಳೆಯದಿದ್ದರೆ ಮದುವೆ ಅಡಿಗೆಯ ಎಣ್ಣೆ ಪೂರ್ತಿ ನಾದಿನಿಯದೇ ಎಂದು ಮಾತಾಗಿತ್ತು. ಬಾಯಮ್ಮ ಒಪ್ಪಿದರೆ ಸುತ್ತಲಿನ ಎಸ್ಟೇಟ್ ಮನೆಗಳೆಲ್ಲ ಒಪ್ಪಿದ ಹಾಗೆ. ಒಲ್ಲೆ ಎಂದರೂ ಹಾಗೆಯೇ.

“ಟೀಚರ್, ಬೇಜಾರು ಮಾಡ್ಬೇಡಿ,” ಎಂದರು ಬಾಯಮ್ಮ. “ನಿಮ್ಮ ನಾದಿನಿಯ ಎಣ್ಣೆ ಗಟ್ಟಿಯಾಗ್ಲೇ ಇಲ್ಲ. ಎರಡು ದಿನ ಇಟ್ಟು ನೋಡಿದೆ. ನೀರಿನ ಹಾಗೆ ಉಂಟು.”

ನಮ್ಮ ಗುಡ್ಡಗಾಡಿನಲ್ಲಿ ಕೊಬ್ಬರಿ ಎಣ್ಣೆಗೆ ಪರೀಕ್ಷೆ ಇದೊಂದೇ. ಸಂಜೆ ಒಂದು ಬಟ್ಟಲಿಗೆ ಎಣ್ಣೆ ಹಾಕಿ ಜಗಲಿಯ ಕಟ್ಟೆಯ ಮೇಲೆ ಇಡುತ್ತಾರೆ. ಬೆಳಿಗ್ಗೆಗೆ ಬೆಳ್ಳಗೆ ಹೆಪ್ಪುಗಟ್ಟಿದ್ದರೆ ಅಪ್ಪಟ, ಇಲ್ಲದಿದ್ದರೆ ಕಲಬೆರಕೆ. ಫ್ರಿಜ್ಜಿನಲ್ಲಿ ಇಟ್ಟು ನೋಡಿದರೆ ಲೆಕ್ಕಕ್ಕಿಲ್ಲ. ಅದರಲ್ಲಿ ಕಳ್ಳ ಎಣ್ಣೆಯೂ ಗಟ್ಟಿಯಾಗುತ್ತದಂತೆ. ಬಾಯಮ್ಮ ಈಗಾಗಲೇ ಇಬ್ಬರು ಮೂವರು ಎಸ್ಟೇಟ್ ಹೆಂಗಸರಿಗೆ ಈ ಮಾತು ಹೇಳಿಯೂ ಆಗಿತ್ತು. ಅದನ್ನೂ ಅವರೇ ಹೇಳಿದರು, ಮುಚ್ಚಿಡುವ ಜನ ಅಲ್ಲ.

ಗಾಣಕ್ಕೆ ಅದು ಮೊದಲನೆಯ ಚಳಿಗಾಲ. ನಾದಿನಿಯ ಗಂಡನಿಗೆ ಮೊದಲಿಂದಲೂ ಇದು ಬೇಡವಾಗಿತ್ತು. ಹೆಸರು ಕೆಟ್ಟರೆ ಗಾಣ ಮುಚ್ಚಿ, ಒರಳು ಸೀಳಿ ಸೌದೆ ಮಾಡಿ, ಅವಳು ಮೂಲೆ ಸೇರಿ, ಅದಕ್ಕೆಲ್ಲ ಅತ್ತಿಗೆಯೇ ಕಾರಣ ಎಂದು ಮುಂದಿನ ತಲೆಮಾರಿನವರೆಗೂ ಹೇಳುವುದನ್ನು ಬೆಲ್ ಹೊಡೆಯುವುದರೊಳಗೆ ನಾನು ಪೂರ್ತಿ ಕಲ್ಪಿಸಿಕೊಂಡು ಮುಗಿಸಿದ್ದೆ. ಆಮೇಲೆ ಇದ್ದಕ್ಕಿದ್ದಂತೆ ಹೊಳೆಯಿತು, ಇದೂ ಆಲ್ಕೀನ್ ಪಾಠವೇ. ಎಣ್ಣೆಗಳಿಗೆ ಆಲ್ಕೀನ್ ಎನ್ನುವುದಿಲ್ಲ ನಿಜ, ಆದರೆ ಅವುಗಳ ಉದ್ದನೆಯ ಕಾರ್ಬನ್ ಸರಪಳಿಗಳಲ್ಲಿ ಅಲ್ಲಲ್ಲಿ ಅದೇ ಎರಡು ಗೆರೆ ಕೂತಿರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ತೀರಾ ಕಡಿಮೆ, ಸೂರ್ಯಕಾಂತಿ ಎಣ್ಣೆಯಲ್ಲಿ ಧಾರಾಳ. ಬ್ರೋಮಿನ್ ನೀರು ಹಾಕಿದರೆ ಗೊತ್ತಾಗಿಬಿಡುತ್ತದೆ. ನಾದಿನಿಯ ಎಣ್ಣೆ ಅಪ್ಪಟ ಎಂದು ಲ್ಯಾಬಿನಲ್ಲೇ ತೋರಿಸಿಬಿಡಬಹುದು. ನನ್ನ ಕಾಲು ಆಗಲೇ ನೆಲದ ಮೇಲಿರಲಿಲ್ಲ.

ಬಾಯಮ್ಮನ ಮಗಳಿಗೆ ಅವರ ಮನೆಯ ಕ್ಯಾನಿನಿಂದ ಒಂದು ಸಣ್ಣ ಬಾಟಲಿ ಎಣ್ಣೆ ತರಲು ಹೇಳಿದೆ. ನಾದಿನಿ ಪ್ರತಿ ಸಲ ಅರೆದ ಎಣ್ಣೆಯಲ್ಲಿ ಒಂದು ಬಾಟಲಿ ತೆಗೆದಿಡುತ್ತಾಳೆ. ಅದೇ ದಿನದ ಬಾಟಲಿಯನ್ನು ಬಸ್ಸಿನವರ ಕೈಲಿ ಕಳಿಸಿದಳು. ಯಾಕೆ ಎಂದು ಕೇಳಿದಳು, ಪ್ರಾಕ್ಟಿಕಲ್‌ಗೆ ಎಂದೆ. ಹೋಲಿಸುವುದಕ್ಕೆ ಅಂಗಡಿಯ ಪ್ಯಾಕೆಟ್ ಸೂರ್ಯಕಾಂತಿ ಎಣ್ಣೆ ತಂದೆ. ನಾದಿನಿಯ ಬಾಟಲಿಯಲ್ಲಿದ್ದದ್ದು ಬೆಳ್ಳಗೆ ಕಲ್ಲಾಗಿ ಬಂದಿತ್ತು, ಬಿಸಿನೀರಿನಲ್ಲಿ ನಿಲ್ಲಿಸಿ ಕರಗಿಸಬೇಕಾಯಿತು. ಅದನ್ನು ನೋಡಿಯೇ ನನಗೆ ಅರ್ಧ ಗೆದ್ದ ಹಾಗಾಯಿತು.

ಮರುದಿನ ಲ್ಯಾಬಿನಲ್ಲಿ ಕಿಟಕಿಗಳನ್ನೆಲ್ಲ ತೆರೆಸಿದೆ. ಹೊರಗಿನ ಕೊರೆಯುವ ಚಳಿ ಒಳಗೆ ಬಂದು ಮಕ್ಕಳು ಸ್ವೆಟರಿನೊಳಗೆ ಮುದುಡಿದರು. ಬ್ರೋಮಿನ್ ಹೊಗೆಗಿಂತ ನೆಗಡಿ ವಾಸಿ ಎಂದೆ. ಮೂರು ಪ್ರನಾಳಗಳಿಗೆ ಮೂರು ಎಣ್ಣೆ, ಮೂರಕ್ಕೂ ಒಂದೇ ಅಳತೆಯ ಬ್ರೋಮಿನ್ ನೀರು. ಯಾವುದು ಯಾರದೆಂದು ಹೇಳದೆ ಬಾಟಲಿಗಳಿಗೂ ಪ್ರನಾಳಗಳಿಗೂ ಎ, ಬಿ, ಸಿ ಎಂದಷ್ಟೇ ಚೀಟಿ ಅಂಟಿಸಿದ್ದೆ. ಬಿರಡೆ ಹಾಕಿ ಕುಲುಕಲು ಹೇಳಿದೆ.

ಸೂರ್ಯಕಾಂತಿಯ ಸಿ ಪ್ರನಾಳದಲ್ಲಿ ಕಿತ್ತಳೆ ಬಣ್ಣ ನೋಡನೋಡುತ್ತಲೇ ಹೋಯಿತು. ನಾದಿನಿಯ ಎ ಪ್ರನಾಳ ಎಷ್ಟು ಕುಲುಕಿದರೂ ಹಳದಿಯಾಗಿಯೇ ಮೊಂಡು ಹಿಡಿಯಿತು. ನಾನು ಬೋರ್ಡಿಗೆ ಓಡಿದೆ. ನೋಡಿ, ಇದರಲ್ಲಿ ಪೈ ಬಂಧ ಬೆರಳೆಣಿಕೆಯಷ್ಟು, ಬ್ರೋಮಿನ್ ಬಂದರೂ ಕೂರಲು ಜಾಗವಿಲ್ಲ, ಅದಕ್ಕೇ ಬಣ್ಣ ನಿಂತಿದೆ. ಅದರಲ್ಲಿ ಬಂಧ ಧಾರಾಳ, ಬಣ್ಣ ಹೋಯಿತು. ಇಷ್ಟು ಹೇಳಿ ತಿರುಗಿದಾಗ ಮುಂದಿನ ಸಾಲಿನ ಒಬ್ಬಳು ಬಿ ಪ್ರನಾಳವನ್ನು ಬೆಳಕಿಗೆ ಹಿಡಿದಿದ್ದಳು. ಅದರ ಬಣ್ಣವೂ ಹೋಗಿತ್ತು. ನನಗೆ ಮೊದಲು ಬಂದದ್ದು ಸಂತೋಷವೇ. ಎಷ್ಟು ಸ್ಪಷ್ಟವಾಗಿ ಬಂದಿದೆ, ಪುಸ್ತಕದಲ್ಲಿದ್ದ ಹಾಗೆಯೇ ಎಂದು ಚಪ್ಪಾಳೆಗೆ ಕೈ ಎತ್ತಿದವಳು, ಎತ್ತಿದ ಕೈಯಲ್ಲೇ ನಿಂತೆ. ಬಿ ದೋಣಿಗಲ್‌ನ ಎಣ್ಣೆ. ಇಡೀ ತರಗತಿಯ ಎದುರು ನನ್ನ ನಾದಿನಿಯನ್ನು ಕಲಬೆರಕೆಯವಳೆಂದು ನಾನೇ ತೋರಿಸಿಕೊಟ್ಟಿದ್ದೆ.

ಬಾಯಮ್ಮನ ಮಗಳು ತಾನು ತಂದ ಬಾಟಲಿಯ ಮೇಲಿನ ಅಕ್ಷರ ನೋಡಿದಳು, ಪ್ರನಾಳ ನೋಡಿದಳು. “ಮಿಸ್, ಹಾಗಾದ್ರೆ ನಮ್ಮದು ಕಲಬೆರಕೆನಾ?” ಎಂದು ಮೆಲ್ಲಗೆ ಕೇಳಿದಳು.

ಇನ್ನೂ ನೋಡಬೇಕು, ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬಾರದು ಎಂದು ವಿಜ್ಞಾನದ ಗಾಂಭೀರ್ಯದಿಂದ ಹೇಳಿದೆ. ಅವಳು ಮನೆಗೆ ಹೋಗಿ ಹೇಳುವ ಮೊದಲು ನಾವೇ ಹೋಗಬೇಕು ಎನಿಸಿತು. ನಾದಿನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಅವಳು ಸ್ಕೂಟರಿನಲ್ಲಿ ಕಾಲೇಜಿನ ಗೇಟಿಗೆ ಬಂದಳು. ಹೆಲ್ಮೆಟ್ ತೆಗೆಯುವ ಮೊದಲೇ ಮಾತು ಶುರುವಾಗಿತ್ತು.

“ಟೆಸ್ಟು ಗಿಸ್ಟು ಅಂತ ಹೋಗಿ ನನ್ ಗಾಣಕ್ಕೇ ಕಲ್ಲು ಹಾಕ್ಬುಟ್ರಲ್ಲ ಅತ್ತಿಗೆ. ಆ ಬ್ರೋಮಿನ್ ಯಾವಾನೋ, ಅವನ ಮಾತು ಕೇಳ್ತೀರಿ, ನನ್ನ ಒಂದ್ ಮಾತು ಕೇಳ್ಲಿಲ್ಲ.”

“ನಿನ್ನ ಬಾಟಲಿ ಸರಿಯಾಗೇ ಇದೆ ಕಣೇ. ಅವರ ಕ್ಯಾನಲ್ಲೇ ಏನೋ ಸೇರಿದೆ.”

“ನನ್ ಕಡೆಯಿಂದ ಸೇರಿದ್ರೆ ನನ್ ಕೈ ಸೇದೋಗ್ಲಿ. ನಮ್ ಗಾಣದಾಗೆ ಇನ್ನೂ ಕೊಬ್ರಿ ಬಿಟ್ಟು ಬೇರೆ ಕಾಳು ಬಿದ್ದೇ ಇಲ್ಲ. ನಡೀರಿ, ಅವರ ಮನೇಲೇ ಕೇಳ್ತೀನಿ.”

ಅವಳು ಕೇಳುವ ರೀತಿ ನನಗೆ ಗೊತ್ತಿತ್ತು, ಅದೇ ಇನ್ನೊಂದು ಹೆದರಿಕೆ. ನನ್ನ ಕಾರಿನಲ್ಲಿ ದೋಣಿಗಲ್ ಕಡೆಗೆ ಇಳಿದೆವು. ಮುಂದೆ ಒಂದು ಟ್ಯಾಂಕರ್, ಹಿಂದೆ ಒಂದು ಟ್ಯಾಂಕರ್, ನಡುವೆ ನಾನು ಎರಡನೆಯ ಗೇರಿನಲ್ಲಿ. ನೀನು ಸುಮ್ಮನಿರು, ನಾನು ಮಾತಾಡುತ್ತೇನೆ ಎಂದು ಅವಳಿಗೆ ಪ್ರತಿ ತಿರುವಿನಲ್ಲೂ ಹೇಳಿದೆ. ಅವಳು ಪ್ರತಿ ತಿರುವಿನಲ್ಲೂ ಹೂಂ ಎಂದಳು.

ಬಾಯಮ್ಮ ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟರು. ಕಟ್ಟೆಯ ಮೇಲೆ ಆ ಬಟ್ಟಲು ಇನ್ನೂ ಇತ್ತು, ಎಣ್ಣೆ ತಿಳಿಯಾಗಿ ಹೊಳೆಯುತ್ತಿತ್ತು. ನಾನು ಸುತ್ತಿ ಬಳಸಿ ಪರೀಕ್ಷೆಯ ವಿಷಯ ಹೇಳುತ್ತಿದ್ದೆ. ನಾದಿನಿ ಲೋಟ ಕೆಳಗಿಟ್ಟು, ಕ್ಯಾನ್ ಬಂದ ಮೇಲೆ ಯಾರು ಯಾರು ಮುಟ್ಟಿದ್ರಿ ಎಂದು ನೇರವಾಗಿ ಕೇಳಿಬಿಟ್ಟಳು. ಬಾಯಮ್ಮನ ಮುಖ ಬಿಗಿಯಿತು. ನಮ್ಮ ಮನೆಯವರು ಎಣ್ಣೆಗೆ ಬೇರೇನೋ ಸುರಿಯುವ ಜನ ಅಂತ ಹೇಳುತ್ತಿದ್ದೀಯಾ ಎಂದರು. ರೋಸಿನ ಸಾಮಾನೆಲ್ಲ ಅತ್ತೆಯ ಕೋಣೆಯಲ್ಲಿದೆ, ಅಲ್ಲಿಗೆ ಮನೆಯವರ ಹೊರತು ಇನ್ನೊಬ್ಬರು ಕಾಲಿಡುವುದಿಲ್ಲ, ಎಣ್ಣೆ ಕೆಟ್ಟಿದೆ ಎಂದು ಗೊತ್ತಾದರೆ ಆ ಜೀವಕ್ಕೆ ಬಿಪಿ ಏರುತ್ತದೆಂದು ಅವರಿಗೆ ಹೇಳಿಯೂ ಇಲ್ಲ ಎಂದರು. ಮಾತು ಸ್ವಲ್ಪ ಜೋರಾಗಿಯೇ ಇತ್ತು. ಅದಕ್ಕೇ ಒಳಗಿನಿಂದ ಆ ಅತ್ತೆಯೇ, ಮಕ್ಕಳ ಅಜ್ಜಿ, ಕೋಲು ಊರಿಕೊಂಡು ಬಾಗಿಲಿಗೆ ಬಂದರು.

ಅಜ್ಜಿ ಯಾರ ಮುಖವನ್ನೂ ನೋಡದೆ ಮೊದಲು ಕಟ್ಟೆಯ ಮೇಲಿನ ಬಟ್ಟಲನ್ನು ನೋಡಿದರು. ಬೆರಳು ಅದ್ದಿ ನೋಡಿದರು. ಮುಖ ಅರಳಿತು.

“ಗಟ್ಟಿಯಾಗ್ಲಿಲ್ಲ ಅಲ್ವಾ? ನಾನು ಹೇಳಿರ್ಲಿಲ್ವಾ, ಈ ಸಲ ಆಗುದಿಲ್ಲ ಅಂತ.”

ಯಾರಿಗೂ ಅವರು ಏನನ್ನೂ ಹೇಳಿರಲಿಲ್ಲ. ಬಾಯಮ್ಮ ಕೊಂಕಣಿಯಲ್ಲಿ ಏನೋ ಕೇಳಿದರು. ಅಜ್ಜಿ ನಮಗೂ ತಿಳಿಯಲಿ ಎಂದು ಕನ್ನಡದಲ್ಲೇ ಹೇಳಿದರು. ಹಿಂದೆ ಅಜ್ಜಿಯ ಸ್ವಂತ ಮಗಳ ರೋಸ್ ಇದೇ ಜಗಲಿಯಲ್ಲಿ, ಇಂಥದೇ ಚಳಿಯಲ್ಲಿ ನಡೆದಿತ್ತು. ಕೆಳಗೆ ಮಂಗಳೂರಿನಲ್ಲಿ ಎಣ್ಣೆ ಎಂದೂ ಹೆಪ್ಪುಗಟ್ಟದು. ಇಲ್ಲಿ ಬಟ್ಟಲೆಲ್ಲ ಮೇಣವಾಗಿ, ಬಂದ ನೆಂಟರು ಉಗುರಲ್ಲಿ ಕೆರೆದು ಕೆರೆದು ಮದುಮಗಳ ತಲೆಗೆ ಮೆತ್ತಿದ್ದರು. ಆ ಹುಡುಗಿ ಅತ್ತಿದ್ದಳು. ಮೊಮ್ಮಗಳಿಗೂ ಹಾಗಾಗಬಾರದೆಂದು ಅಜ್ಜಿ ಕ್ಯಾನಿನ ಅರ್ಧ ಎಣ್ಣೆ ತೆಗೆದು, ಅಷ್ಟೇ ಪ್ಯಾಕೆಟ್ ಎಣ್ಣೆ ಹಾಕಿಟ್ಟಿದ್ದರು. ಅದಕ್ಕೆ ವಾಸನೆ ಇರುವುದಿಲ್ಲ, ಕೊಬ್ಬರಿಯ ಪರಿಮಳ ಕೆಡುವುದಿಲ್ಲವಂತೆ.

“ಅಜ್ಜೀ, ತೆಗೆದ ಎಣ್ಣೆ ಎಲ್ಲೈತೆ?” ನಾದಿನಿ ಎದ್ದು ನಿಂತಿದ್ದಳು.

ಅಜ್ಜಿಯ ಮಂಚದ ಕೆಳಗೆ ಒಂದು ಭರಣಿ ಇತ್ತು. ಬಾಯಮ್ಮ ತಾವೇ ತಂದು ಮುಚ್ಚಳ ತೆಗೆದರು. ಒಳಗೆ ಎಣ್ಣೆ ಕಂಠದವರೆಗೆ ಬೆಳ್ಳಗೆ ಗಟ್ಟಿಯಾಗಿತ್ತು. ಚಮಚ ಊರಿದರು, ಇಳಿಯಲಿಲ್ಲ. ನಾದಿನಿ ಮತ್ತೆ ಕೂತು, ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಹೊಗೆ ಎಂದಳು. ಹೊಗೆ ಎಲ್ಲೂ ಇರಲಿಲ್ಲ.

ನನಗಂತೂ ಇನ್ನು ತಡೆಯಲಾಗಲಿಲ್ಲ. ಬಚ್ಚಲ ಪಕ್ಕದಲ್ಲಿ ಸೌದೆ ಒಟ್ಟಿದ್ದರು, ಮೂವರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಒಂದು ಕಡೆ ಸಿಲ್ವರ್ ಓಕಿನ ನೆಟ್ಟಗಿನ ತುಂಡುಗಳು, ಸಂದಿಲ್ಲದೆ ಒತ್ತೊತ್ತಾಗಿ ಕೂತಿದ್ದವು. ಇನ್ನೊಂದು ಕಡೆ ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಡೊಂಕು ಬೊಡ್ಡೆಗಳು, ಹೇಗೆ ಜೋಡಿಸಿದರೂ ನಡುವೆ ಬೆಕ್ಕು ನುಗ್ಗುವಷ್ಟು ಜಾಗ. ಕೊಬ್ಬರಿ ಎಣ್ಣೆಯ ಸರಪಳಿಗಳು ಹೆಚ್ಚಿನವು ಈ ನೆಟ್ಟಗಿನ ತುಂಡುಗಳ ಹಾಗೆ ಎಂದೆ. ಸ್ವಲ್ಪ ಚಳಿಯಾದರೆ ಸಾಕು, ಒತ್ತಿಕೊಂಡು ಗಟ್ಟಿಯಾಗುತ್ತವೆ. ಪ್ಯಾಕೆಟ್ ಎಣ್ಣೆಯದರಲ್ಲಿ ದ್ವಿಬಂಧ ಇರುವ ಕಡೆಯೆಲ್ಲ ಸರಪಳಿಯ ಎರಡು ತುದಿಗಳೂ ಒಂದೇ ಪಕ್ಕಕ್ಕೆ, ಅಂದರೆ ಸಿಸ್. ಅಲ್ಲೊಂದು ಡೊಂಕು ಬೀಳುತ್ತದೆ, ತಿರುಗಿಸಿ ನೆಟ್ಟಗೆ ಮಾಡಲು ಎರಡನೆಯ ಬಂಧ ಬಿಡುವುದಿಲ್ಲ. ಡೊಂಕುಗಳು ನಡುವೆ ನುಗ್ಗಿದ ಮೇಲೆ ನೆಟ್ಟಗಿನವೂ ಒತ್ತಿಕೊಳ್ಳಲಾರವು. ಅದೇ ಡೊಂಕಿನ ಬಂಧಕ್ಕೆ ಕಾರ್ಖಾನೆಯಲ್ಲಿ ಹೈಡ್ರೋಜನ್ ಸೇರಿಸಿದರೆ ಸರಪಳಿ ನೆಟ್ಟಗಾಗಿ ವನಸ್ಪತಿ ಆಗುತ್ತದೆ ಎಂದೂ ಹೇಳುತ್ತಾ ಒಂದು ಬೊಡ್ಡೆಯನ್ನು ಎತ್ತಿ ಹಿಡಿದಿದ್ದೆ. ಅದರಿಂದ ಒಂದು ಚೇಳು ಕೆಳಗೆ ಬಿತ್ತು, ಪಾಠ ಅಲ್ಲಿಗೆ ಮುಗಿಯಿತು.

ಜಗಲಿಗೆ ಮರಳಿದ ಮೇಲೆ ನಾದಿನಿ ಬಾಯಮ್ಮನ ಎದುರು ನಿಂತಳು. ಈ ಸಲ ದನಿ ಏರಿಸಲಿಲ್ಲ.

“ಬಾಯಮ್ಮ, ನೀವು ಆರ್ಡರ್ ಕೊಡಿ, ಬುಡಿ, ಅದು ನಿಮ್ಮಿಷ್ಟ. ಆದ್ರೆ ನನ್ ಎಣ್ಣೆ ಕೆಟ್ಟದ್ದು ಅಂತ ಹೇಳಿದ್ರಲ್ಲ, ಅವರಿಗೆಲ್ಲ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಯಾರು ನಂಬ್ತಾರೆ?”

ಬಾಯಮ್ಮ ಫೋನು ತೆಗೆದು, ನಮ್ಮೆದುರೇ, ಎಸ್ಟೇಟ್ ಹೆಂಗಸರ ಗ್ರೂಪಿಗೆ ಧ್ವನಿ ಸಂದೇಶ ಕಳಿಸಿದರು. ತಪ್ಪು ತಮ್ಮ ಮನೆಯದೇ, ಎಣ್ಣೆ ಗಟ್ಟಿಯಾಗಿದೆ, ಕಲ್ಲಿನ ಹಾಗಿದೆ ಎಂದರು. ಭರಣಿಯಲ್ಲಿ ಚಮಚ ನಿಂತಿರುವ ಫೋಟೊ ಕೂಡ ಹಾಕಿದರು. ರೋಸಿಗೆ ಅತ್ತೆ ಬೆರೆಸಿದ್ದೇ ಇರಲಿ, ಅಡಿಗೆಯ ಎಣ್ಣೆ ಯಾವತ್ತು ಕಳಿಸುತ್ತೀ ಎಂದು ಆಮೇಲೆ ನಾದಿನಿಯನ್ನು ಕೇಳಿದರು.

ನಾನು ವಾಪಸು ಬರುವಾಗ ಹೊಸ ಚಿಂತೆ ಹಚ್ಚಿಕೊಂಡಿದ್ದೆ. ದ್ವಿಬಂಧ ಇರುವ ಎಣ್ಣೆಗೆ ಗಾಳಿಯ ಆಮ್ಲಜನಕವೂ ಕೈ ಹಾಕುತ್ತದೆ. ರೋಸ್ ದಿನಕ್ಕೆ ಅಜ್ಜಿಯ ಮಿಶ್ರಣಕ್ಕೆ ಕಮಟು ವಾಸನೆ ಬಂದರೆ? ಎರಡು ವಾರದಲ್ಲಿ ಏನೂ ಆಗದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮುಚ್ಚಳ ಬಿಗಿ ಮಾಡಿ, ಕತ್ತಲಲ್ಲಿಡಿ ಎಂದು ಬಾಯಮ್ಮನಿಗೆ ಫೋನ್ ಮಾಡುತ್ತಲೇ ಇದ್ದೆ. ಕೊನೆ ಕೊನೆಗೆ ಫೋನನ್ನು ಮಗಳೇ ಎತ್ತಿ, ಮುಚ್ಚಿದೆ ಮಿಸ್ ಎಂದು ಹೇಳಿ ಇಡುತ್ತಿದ್ದಳು.

ರೋಸಿಗೆ ನಮ್ಮಿಬ್ಬರಿಗೂ ಕರೆ ಬಂತು. ಸಂಜೆಯ ಚಳಿಗೆ ಎಲ್ಲರೂ ಶಾಲು ಹೊದ್ದಿದ್ದರು, ಮದುಮಗಳು ಮಾತ್ರ ಹಳೆಯ ಸೀರೆಯುಟ್ಟು ಮಣೆಯ ಮೇಲೆ ನಡುಗುತ್ತಾ ನಗುತ್ತಿದ್ದಳು. ಮನೆಯವರೆಲ್ಲ ಹಚ್ಚಿದ ಮೇಲೆ ಅಜ್ಜಿ ಬಟ್ಟಲನ್ನು ನಾದಿನಿಯ ಕೈಗೆ ಕೊಟ್ಟರು. ಅವಳು ಹಿಂಜರಿದು, ಸೆರಗಿಗೆ ಕೈ ಒರೆಸಿಕೊಂಡು, ನೆತ್ತಿಯ ಮೇಲೆ ಎಣ್ಣೆ ಬಿಟ್ಟಳು. ಅದು ಬೈತಲೆಗುಂಟ ಸರಾಗವಾಗಿ ಇಳಿದು ಹುಡುಗಿಯ ಮೂಗಿನ ತುದಿಯಲ್ಲಿ ತೊಟ್ಟಿಕ್ಕಿತು. ಮಂಗಳೂರಿನಿಂದ ಬಂದಿದ್ದ ಯಾರೋ ಅತ್ತೆ ಬಗ್ಗಿ ನೋಡಿ, ಈ ಚಳಿಯಲ್ಲೂ ಹರಿಯುತ್ತದಲ್ಲ, ಇದು ನಿಜವಾದ ಕೊಬ್ಬರಿ ಎಣ್ಣೆಯಾ ಎಂದು ಕೇಳಿದರು. ನಾನು ವಿವರಿಸಲು ಬಾಯಿ ತೆರೆದೆ. ಬಾಯಮ್ಮ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದರು.

“ಇವಳ ಗಾಣದ್ದು,” ಎಂದರು ನಾದಿನಿಯ ಬೆನ್ನಿನ ಮೇಲೆ ಕೈಯಿಟ್ಟು. “ಕಲ್ಲಿನ ಹಾಗೆ ಗಟ್ಟಿಯಾಗುವ ಎಣ್ಣೆ. ಗಟ್ಟಿಯಾಗದ ಹಾಗೆ ಮಾಡಿದ್ದು ನಾವು.”